ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ (1930–2002)

ಗಣಕ ವಿಜ್ಞಾನವನ್ನು ಒಂದು ಶಾಸ್ತ್ರೀಯ ಅಧ್ಯಯನ ವಿಷಯವನ್ನಾಗಿ ರೂಪಿಸಿದ ಮೊದಲ ತಲೆಮಾರಿನ ವಿದ್ವಾಂಸರಲ್ಲಿ ನೆದರ್ಲೆಂಡ್ಸ್ ದೇಶದ ಪ್ರೊ. ಎಡ್ಸ್‌ಗರ್ ವೀಬೆ ಡೈಕ್‌ಸ್ಟ್ರಾ ಅವರು ಪ್ರಮುಖರು. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗಣಕ ವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ, ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರದ ದಾರಿಯನ್ನು ಕಂಡುಹಿಡಿಯುವ ವಿಧಾನದ ಮೂಲಕ ಈ ಹೆಸರು ಚಿರಪರಿಚಿತವಾಗಿದೆ. ಆದರೆ ಅವರು ತಮ್ಮ ಜೀವಮಾನವನ್ನು ಮುಡಿಪಾಗಿಟ್ಟ ಪ್ರಶ್ನೆ ಅದಕ್ಕಿಂತ ಹಿರಿದು. ಗಣಕಯಂತ್ರಕ್ಕಾಗಿ ಬರೆದ ಕ್ರಮವಿಧಿ, ಅಂದರೆ ಪ್ರೋಗ್ರಾಮ್, ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಯಂತ್ರದಲ್ಲಿ ಓಡಿಸಿ ನೋಡಿ ತಿಳಿಯಬೇಕೇ, ಅಥವಾ ಬರೆಯುವಾಗಲೇ ತರ್ಕದಿಂದ ಸಾಧಿಸಿ ತಿಳಿಯಬೇಕೇ? ಎರಡನೆಯದೇ ಸರಿಯಾದ ಹಾದಿಯೆಂದು ಅವರು ನಂಬಿದ್ದರು. ಆ ನಂಬಿಕೆಗಾಗಿ ಅವರು ಪಡೆದ ಗೌರವವೂ ಅಪಾರ, ಎದುರಿಸಿದ ವಿರೋಧವೂ ಅಪಾರ.

ಡೈಕ್‌ಸ್ಟ್ರಾ ಅವರು 1930ರ ಮೇ 11ರಂದು ಬಂದರು ನಗರವಾದ ರಾಟರ್‌ಡ್ಯಾಮ್‌ನಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರಜ್ಞರು, ಪ್ರೌಢಶಾಲೆಯಲ್ಲಿ ಬೋಧಿಸುತ್ತಿದ್ದರು. ತಾಯಿ ಗಣಿತವನ್ನು ಆಳವಾಗಿ ಅಭ್ಯಸಿಸಿದವರು, ಆದರೆ ಎಲ್ಲಿಯೂ ಉದ್ಯೋಗಕ್ಕೆ ಸೇರಲಿಲ್ಲ. ಒಂದು ಸಮಸ್ಯೆಗೆ ದೀರ್ಘವಾದ ಪರಿಹಾರ ಕಂಡರೆ ಇನ್ನೂ ಸರಳವಾದ ಪರಿಹಾರವಿದೆಯೇ ಎಂದು ಹುಡುಕುವ ಸ್ವಭಾವ ಅವರಿಗೆ ತಾಯಿಯಿಂದ ಬಂದಿತೆಂದು ತಿಳಿಯಬಹುದು. ಜರ್ಮನಿಯ ಸೇನೆಯು ನೆದರ್ಲೆಂಡ್ಸನ್ನು ಆಕ್ರಮಿಸಿಕೊಂಡಿದ್ದ 1942ರಲ್ಲಿ ಅವರು ರಾಟರ್‌ಡ್ಯಾಮ್‌ನ ಎರಾಸ್ಮಿಯಾನಂ ಶಾಲೆಯನ್ನು ಸೇರಿ 1948ರಲ್ಲಿ ವ್ಯಾಸಂಗ ಮುಗಿಸಿದರು. ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಬೇಕೆಂಬ ಆಸೆ ಆ ತರುಣನಿಗಿತ್ತು. ವಿಜ್ಞಾನ ವಿಷಯಗಳಲ್ಲಿ ಪಡೆದ ಉನ್ನತ ಅಂಕಗಳಿಂದಾಗಿ ಆ ಯೋಚನೆಯನ್ನು ಕೈಬಿಟ್ಟು ಲೈಡನ್ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ವ್ಯಾಸಂಗಕ್ಕೆ ಸೇರಿದರು.

ಗಣಕಯಂತ್ರದ ಕಡೆಗೆ ಅವರನ್ನು ಕಳುಹಿಸಿದವರು ತಂದೆಯೇ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡವು ನಿರ್ಮಿಸಿದ್ದ ಎಡ್‌ಸಾಕ್ ಎಂಬ ಯಂತ್ರಕ್ಕೆ ಕ್ರಮವಿಧಿ ಬರೆಯುವುದನ್ನು ಕಲಿಸುವ ಮೂರು ವಾರಗಳ ಶಿಬಿರದ ಪ್ರಕಟಣೆಯನ್ನು ಅವರು ನೋಡಿ ಮಗನಿಗೆ ತಿಳಿಸಿದರು. 1951ರ ಸೆಪ್ಟೆಂಬರ್‌ನಲ್ಲಿ ಡೈಕ್‌ಸ್ಟ್ರಾ ಆ ಶಿಬಿರದಲ್ಲಿ ಭಾಗವಹಿಸಿದರು. ಭೌತಶಾಸ್ತ್ರದ ಲೆಕ್ಕಗಳಿಗೆ ಉಪಯೋಗವಾದೀತು ಎಂಬುದಷ್ಟೇ ಆಗಿನ ಉದ್ದೇಶ. ಈ ಸುದ್ದಿಯನ್ನು ಕೇಳಿದ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದ ಆಡ್ರಿಯಾನ್ ಫಾನ್ ವೈನ್‌ಗಾರ್ಡನ್ ಅವರು ತಮ್ಮಲ್ಲಿಗೆ ಬರುವಂತೆ ಆಹ್ವಾನಿಸಿದರು. 1952ರ ಮಾರ್ಚ್‌ನಲ್ಲಿ ಡೈಕ್‌ಸ್ಟ್ರಾ ಅಲ್ಲಿ ಅರೆಕಾಲಿಕವಾಗಿ ಕೆಲಸಕ್ಕೆ ಸೇರಿದರು. ಆ ದೇಶದಲ್ಲಿ ಕ್ರಮವಿಧಿಕಾರರೆಂಬ ಹುದ್ದೆಯನ್ನು ಪಡೆದ ಮೊದಲಿಗರು ಅವರೇ ಎಂದು ಗುರುತಿಸಲಾಗುತ್ತದೆ.

ಸುಮಾರು ಮೂರು ವರ್ಷಗಳ ಕಾಲ ಅವರು ಲೈಡನ್‌ನಲ್ಲಿ ಭೌತಶಾಸ್ತ್ರ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗಣಕಯಂತ್ರ ಎಂದು ಎರಡು ದೋಣಿಗಳಲ್ಲಿ ಕಾಲಿಟ್ಟು ನಡೆದರು. ಇದು ಅವರನ್ನು ತೀವ್ರವಾಗಿ ಕಾಡಿತು. ಭೌತಶಾಸ್ತ್ರಜ್ಞರಿಗೆ ಶತಮಾನಗಳ ಜ್ಞಾನದ ಬೆಂಬಲವಿತ್ತು. ಕ್ರಮವಿಧಿ ಬರೆಯುವವರ ಬೆನ್ನಿಗೆ ಯಾವ ಶಾಸ್ತ್ರವಿತ್ತು? ಯಂತ್ರವನ್ನು ನಿರ್ಮಿಸಿದ ಸಹೋದ್ಯೋಗಿಗಳು ತಮ್ಮ ವೃತ್ತಿಜ್ಞಾನವನ್ನು ಬೊಟ್ಟು ಮಾಡಿ ತೋರಿಸಬಲ್ಲವರಾಗಿದ್ದರು. ತಾವು ಬರಿಗೈಯಲ್ಲಿ ನಿಂತಿರುವಂತೆ ಡೈಕ್‌ಸ್ಟ್ರಾ ಅವರಿಗೆ ಅನಿಸಿತು. 1955ರಲ್ಲಿ ಅವರು ಈ ಅಳಲನ್ನು ಫಾನ್ ವೈನ್‌ಗಾರ್ಡನ್ ಅವರ ಮುಂದೆ ತೋಡಿಕೊಂಡರು. ಅಂತಹ ಶಾಸ್ತ್ರವೊಂದು ಇನ್ನೂ ಇಲ್ಲವೆಂಬುದನ್ನು ಹಿರಿಯರು ಒಪ್ಪಿದರು. ಗಣಕಯಂತ್ರಗಳು ಇನ್ನು ಹಿಂದಕ್ಕೆ ಹೋಗುವುದಿಲ್ಲ, ಆ ಶಾಸ್ತ್ರವನ್ನು ಕಟ್ಟುವವರಲ್ಲಿ ನೀನೇ ಏಕೆ ಒಬ್ಬನಾಗಬಾರದು ಎಂಬರ್ಥದ ಸಲಹೆಯನ್ನು ನೀಡಿದರು. ಡೈಕ್‌ಸ್ಟ್ರಾ ಭೌತಶಾಸ್ತ್ರದ ಪದವಿಯನ್ನು ಬೇಗನೆ ಮುಗಿಸಿ ಹೊಸ ವೃತ್ತಿಗೆ ಪೂರ್ಣವಾಗಿ ಬಂದರು.

ಆ ವೃತ್ತಿಗೆ ಸಮಾಜದಲ್ಲಿ ಇನ್ನೂ ಹೆಸರೇ ಇರಲಿಲ್ಲ ಎಂಬುದಕ್ಕೆ ಒಂದು ಸ್ವಾರಸ್ಯಕರ ದಾಖಲೆಯಿದೆ. 1957ರಲ್ಲಿ ಅವರು ಅದೇ ಕೇಂದ್ರದಲ್ಲಿ ಲೆಕ್ಕಾಚಾರದ ಕೆಲಸ ಮಾಡುತ್ತಿದ್ದ ರಿಯಾ ಡೆಬೆಟ್ಸ್ ಅವರನ್ನು ವಿವಾಹವಾದರು. ವಿವಾಹ ನೋಂದಣಿಯಲ್ಲಿ ವರನ ಉದ್ಯೋಗ ಕ್ರಮವಿಧಿಕಾರ ಎಂದು ಬರೆಸಲು ಹೋದಾಗ, ಅಂತಹ ಉದ್ಯೋಗವೇ ಇಲ್ಲವೆಂದು ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ಒಪ್ಪಲಿಲ್ಲ. ಕೊನೆಗೆ ಸೈದ್ಧಾಂತಿಕ ಭೌತಶಾಸ್ತ್ರಜ್ಞ ಎಂದೇ ದಾಖಲಾಯಿತು.

ಅವರಿಗೆ ಜಗತ್ಪ್ರಸಿದ್ಧಿ ತಂದ ವಿಧಾನ ರೂಪುಗೊಂಡದ್ದು ಇದಕ್ಕೆ ಸ್ವಲ್ಪ ಮೊದಲು, 1956ರಲ್ಲಿ. ಗಣಿತ ಕೇಂದ್ರವು ಅರ್ಮಾಕ್ ಎಂಬ ಹೊಸ ಯಂತ್ರವನ್ನು ಸಾರ್ವಜನಿಕರಿಗೆ ಪ್ರದರ್ಶಿಸಬೇಕಾಗಿತ್ತು. ಗಣಿತ ತಿಳಿಯದವರಿಗೂ ಅರ್ಥವಾಗುವ ಸಮಸ್ಯೆಯೊಂದು ಬೇಕಾಗಿತ್ತು. ನೆದರ್ಲೆಂಡ್ಸಿನ 64 ಊರುಗಳ ರಸ್ತೆ ನಕ್ಷೆಯಲ್ಲಿ ಒಂದು ಊರಿನಿಂದ ಮತ್ತೊಂದು ಊರಿಗೆ ಅತಿ ಸಮೀಪದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಡೈಕ್‌ಸ್ಟ್ರಾ ಆರಿಸಿಕೊಂಡರು. ಭಾವೀ ಪತ್ನಿಯೊಡನೆ ಪೇಟೆಗೆ ಹೋಗಿದ್ದಾಗ, ದಣಿವಾರಿಸಿಕೊಳ್ಳಲು ಕಾಫಿ ಕುಡಿಯುತ್ತ ಕುಳಿತ ಇಪ್ಪತ್ತು ನಿಮಿಷಗಳಲ್ಲಿ ಪರಿಹಾರ ಹೊಳೆಯಿತು. ಕಾಗದ, ಪೆನ್ಸಿಲ್ ಎರಡೂ ಕೈಯಲ್ಲಿರಲಿಲ್ಲ. ಹೀಗಾಗಿ ತೊಡಕಿನ ದಾರಿಗಳನ್ನೆಲ್ಲ ಬಿಟ್ಟು ಸರಳವಾದುದನ್ನೇ ಹಿಡಿಯಬೇಕಾಯಿತು ಎಂದು ಅವರು ಮುಂದೆ ಸ್ಮರಿಸುತ್ತಿದ್ದರು.

ವಿಧಾನದ ತಿರುಳು ಹೀಗಿದೆ. ಹೊರಡುವ ಊರಿನಿಂದ ನೇರ ರಸ್ತೆಯಿರುವ ಊರುಗಳ ದೂರವನ್ನು ಮೊದಲು ಬರೆದುಕೊಳ್ಳಬೇಕು. ಅವುಗಳಲ್ಲಿ ಅತಿ ಸಮೀಪದ ಊರಿನ ದೂರವನ್ನು ಖಚಿತವೆಂದು ತೀರ್ಮಾನಿಸಬಹುದು. ಏಕೆಂದರೆ ಬೇರೆ ಯಾವ ಊರನ್ನು ಬಳಸಿ ಬಂದರೂ ಆ ದೂರ ಕಡಿಮೆಯಾಗಲಾರದು. ಖಚಿತವಾದ ಆ ಊರಿನ ಮೂಲಕ ಅದರ ನೆರೆಯ ಊರುಗಳಿಗೆ ಹತ್ತಿರದ ದಾರಿ ಸಿಗುವುದಾದರೆ ಹಳೆಯ ಲೆಕ್ಕವನ್ನು ತಿದ್ದಬೇಕು. ಉಳಿದವುಗಳಲ್ಲಿ ಅತಿ ಸಮೀಪದ್ದನ್ನು ಮತ್ತೆ ಆರಿಸಬೇಕು. ಗುರಿಯ ಊರು ಖಚಿತವಾಗುವವರೆಗೆ ಇದನ್ನೇ ಮುಂದುವರಿಸಬೇಕು. 1959ರಲ್ಲಿ ಜರ್ಮನಿಯ ಗಣಿತ ಪತ್ರಿಕೆಯೊಂದರಲ್ಲಿ ಕೇವಲ ಮೂರು ಪುಟಗಳ ಲೇಖನವಾಗಿ ಇದು ಪ್ರಕಟವಾಯಿತು. ಅಂತರಜಾಲದಲ್ಲಿ ಮಾಹಿತಿ ಸಾಗುವ ದಾರಿಯನ್ನು ನಿರ್ಧರಿಸುವುದರಲ್ಲಿಯೂ, ವಾಹನ ಚಾಲಕರಿಗೆ ದಾರಿ ತೋರುವ ಸಾಧನಗಳಲ್ಲಿಯೂ ಈ ವಿಧಾನ ಮತ್ತು ಅದರಿಂದ ಬೆಳೆದ ವಿಧಾನಗಳು ಬಳಕೆಯಲ್ಲಿವೆ. ಅದೇ ಲೇಖನದಲ್ಲಿ, ಹಲವು ಬಿಂದುಗಳನ್ನು ಅತಿ ಕಡಿಮೆ ಉದ್ದದ ತಂತಿಯಿಂದ ಜೋಡಿಸುವ ವಿಧಾನವೂ ಇದೆ. ಯಂತ್ರದ ಹಿಂಬದಿಯ ಫಲಕದಲ್ಲಿ ತಾಮ್ರದ ತಂತಿಯನ್ನು ಉಳಿಸುವ ಅಗತ್ಯದಿಂದ ಹುಟ್ಟಿದ ವಿಧಾನವದು.

1959ರಲ್ಲಿಯೇ ಅವರಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡಾಕ್ಟರೇಟ್ ದೊರೆಯಿತು. ಎಕ್ಸ್-1 ಎಂಬ ಯಂತ್ರದಲ್ಲಿ, ಹೊರಗಿನ ಸಾಧನಗಳು ಯಾವ ಕ್ಷಣದಲ್ಲಿ ಬೇಕಾದರೂ ನಡೆಯುತ್ತಿರುವ ಲೆಕ್ಕವನ್ನು ತಡೆದು ಗಮನ ಸೆಳೆಯಬಹುದಾದ ವ್ಯವಸ್ಥೆಯನ್ನು ಕುರಿತು ಅವರ ಪ್ರಬಂಧವಿತ್ತು. ಈ ವ್ಯವಸ್ಥೆಯನ್ನು ಅಳವಡಿಸಲು ಅವರು ಮೊದಲಿಗೆ ಒಪ್ಪಿರಲಿಲ್ಲ. ಅಡಚಣೆ ಬರುವ ಕ್ಷಣ ಪ್ರತಿ ಬಾರಿಯೂ ಬೇರೆಯಾಗಿರುವುದರಿಂದ, ಒಮ್ಮೆ ಕಂಡ ದೋಷ ಮತ್ತೆ ಕಾಣದೆ ಹೋಗಬಹುದು. ಓಡಿಸಿ ನೋಡಿ ತಪ್ಪು ಹಿಡಿಯುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ತರ್ಕದಿಂದಲೇ ನಿಖರತೆಯನ್ನು ಸಾಧಿಸಬೇಕೆಂಬ ಅವರ ನಿಲುವಿನ ಬೇರು ಇಲ್ಲಿದೆ.

ಮರುವರ್ಷ ಅವರು ಯಾಪ್ ಜೋನೆವೆಲ್ಡ್ ಅವರೊಡಗೂಡಿ ಆಲ್ಗಾಲ್-60 ಎಂಬ ಭಾಷೆಗೆ ಕಂಪೈಲರನ್ನು ಸಿದ್ಧಪಡಿಸಿದರು. ಕೆಲಸ ಮುಗಿಯುವವರೆಗೆ ಗಡ್ಡ ಬೋಳಿಸುವುದಿಲ್ಲವೆಂದು ಇಬ್ಬರೂ ನಿಶ್ಚಯಿಸಿದ್ದರು. 1960ರ ಆಗಸ್ಟ್‌ನಲ್ಲಿ ಕಂಪೈಲರ್ ಸಿದ್ಧವಾಯಿತು. ಜೋನೆವೆಲ್ಡ್ ಗಡ್ಡ ತೆಗೆದರು, ಡೈಕ್‌ಸ್ಟ್ರಾ ಉಳಿಸಿಕೊಂಡರು.

1962ರಲ್ಲಿ ಅವರು ಐಂಡ್‌ಹೋವನ್ ತಾಂತ್ರಿಕ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಗಣಕ ವಿಜ್ಞಾನಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿರಲಿಲ್ಲವಾದ್ದರಿಂದ ಗಣಿತ ವಿಭಾಗದ ಆಶ್ರಯದಲ್ಲಿಯೇ ಒಂದು ಚಿಕ್ಕ ತಂಡವನ್ನು ಕಟ್ಟಿದರು. ವಿದ್ಯಾಲಯದ ಹೆಸರಿನ ಮೊದಲ ಅಕ್ಷರಗಳಿಂದ ಟಿ.ಎಚ್.ಇ. ಎಂದು ಕರೆಯಲಾದ ಕಾರ್ಯಾಚರಣ ವ್ಯವಸ್ಥೆ ಈ ತಂಡದ ಸಾಧನೆ. ಹಲವು ಕೆಲಸಗಳು ಒಂದೇ ಯಂತ್ರವನ್ನು ಹಂಚಿಕೊಂಡು ಸಾಗುವಂತೆ ಮಾಡುವುದು ಇದರ ಉದ್ದೇಶ. ವ್ಯವಸ್ಥೆಯನ್ನು ಒಂದರ ಮೇಲೊಂದು ಅಂತಸ್ತುಗಳಾಗಿ ವಿಂಗಡಿಸಿ, ಕೆಳಗಿನ ಅಂತಸ್ತು ಸರಿಯೆಂದು ಸಿದ್ಧವಾದ ಬಳಿಕವೇ ಮೇಲಿನದಕ್ಕೆ ಹೋಗುವ ಪದ್ಧತಿಯನ್ನು ಅನುಸರಿಸಲಾಯಿತು.

ಏಕಕಾಲದಲ್ಲಿ ನಡೆಯುವ ಕೆಲಸಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಡೆಯಲು ಅವರು ಸೆಮಫೋರ್ ಎಂಬ ಸಾಧನವನ್ನು ರೂಪಿಸಿದರು. ಹೆಸರು ರೈಲು ಮಾರ್ಗದ ಸಿಗ್ನಲಿನಿಂದ ಬಂದದ್ದು. ಒಂಟಿ ಹಳಿಯ ಮೇಲೆ ಒಂದು ಗಾಡಿ ಹೊಕ್ಕರೆ ಅದು ಹೊರಬರುವವರೆಗೆ ಇನ್ನೊಂದು ಗಾಡಿ ನಿಲ್ದಾಣದಲ್ಲಿ ಕಾಯಬೇಕಷ್ಟೆ. ಅದೇ ನಿಯಮ ಇಲ್ಲಿಯೂ. ಇದೇ ವಿಷಯದ ಮೇಲೆ 1965ರಲ್ಲಿ ಅವರು ವಿದ್ಯಾರ್ಥಿಗಳಿಗೆ ನೀಡಿದ ಪರೀಕ್ಷಾ ಪ್ರಶ್ನೆಯೊಂದು ಮುಂದೆ ಊಟಕ್ಕೆ ಕುಳಿತ ಐವರು ತತ್ವಜ್ಞಾನಿಗಳ ಸಮಸ್ಯೆಯೆಂದು ಪ್ರಸಿದ್ಧವಾಯಿತು. ದುಂಡು ಮೇಜಿನ ಸುತ್ತ ಐವರು, ಇಬ್ಬಿಬ್ಬರ ನಡುವೆ ಒಂದೊಂದರಂತೆ ಐದು ಫೋರ್ಕುಗಳು. ಉಣ್ಣಲು ಪ್ರತಿಯೊಬ್ಬರಿಗೂ ಎರಡು ಬೇಕು. ಎಲ್ಲರೂ ಒಟ್ಟಿಗೆ ಎಡಗಡೆಯದನ್ನು ಕೈಗೆತ್ತಿಕೊಂಡು ಬಲಗಡೆಯದಕ್ಕಾಗಿ ಕಾದರೆ ಯಾರೂ ಉಣ್ಣಲಾರರು. ಪರೀಕ್ಷೆಯ ಪ್ರಶ್ನೆಯೊಂದು ಮುಂದಿನ ತಲೆಮಾರುಗಳ ಪಠ್ಯಪುಸ್ತಕಗಳಲ್ಲೆಲ್ಲ ಸ್ಥಾನ ಪಡೆಯುವುದು ಅಪರೂಪ.

ಇಷ್ಟಾದರೂ ಗಣಿತ ವಿಭಾಗವು ಈ ಕೆಲಸವನ್ನು ತನ್ನ ವ್ಯಾಪ್ತಿಗೆ ಸೇರಿದ್ದೆಂದು ಪರಿಗಣಿಸಲಿಲ್ಲ. ತಂಡವನ್ನು ವಿಸರ್ಜಿಸಲಾಯಿತು. ಮುಂದೇನು ಮಾಡಬೇಕೆಂಬುದು ಸ್ವತಃ ಅವರಿಗೂ ಸ್ಪಷ್ಟವಾಗಿರಲಿಲ್ಲ. 1968ರಲ್ಲಿ ಡೈಕ್‌ಸ್ಟ್ರಾ ತೀವ್ರ ಖಿನ್ನತೆಗೆ ಒಳಗಾದರು. ಅದೇ ವರ್ಷ ಟಿ.ಎಚ್.ಇ. ವ್ಯವಸ್ಥೆಯ ಲೇಖನ ಅಮೆರಿಕದಲ್ಲಿ ಪ್ರಕಟವಾಗಿ ಅವರ ಹೆಸರು ಎಲ್ಲೆಡೆ ಹರಡುತ್ತಿತ್ತು ಎಂಬುದನ್ನು ಗಮನಿಸಿದರೆ ಹೊರಗಿನ ಕೀರ್ತಿಗೂ ಒಳಗಿನ ಸ್ಥಿತಿಗೂ ಇದ್ದ ಅಂತರ ತಿಳಿಯುತ್ತದೆ. ಬರವಣಿಗೆಯೇ ಅವರನ್ನು ಆ ಸ್ಥಿತಿಯಿಂದ ಮೇಲೆತ್ತಿತು. ದೊಡ್ಡ ಕ್ರಮವಿಧಿಗಳನ್ನು ಮನುಷ್ಯನ ಬುದ್ಧಿಗೆ ನಿಲುಕುವಂತೆ ಹೇಗೆ ಕಟ್ಟಬೇಕು ಎಂಬುದನ್ನು ಕುರಿತು ಅವರು ಆಗ ಬರೆದ ಟಿಪ್ಪಣಿಗಳೇ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಎಂಬ ಚಿಂತನೆಗೆ ತಳಹದಿಯಾದವು. ಟೋನಿ ಹೋರ್ ಮತ್ತು ಓಲೆ-ಯೋಹಾನ್ ಡಾಲ್ ಅವರ ಬರಹಗಳೊಂದಿಗೆ ಇವು 1972ರಲ್ಲಿ ಪುಸ್ತಕರೂಪದಲ್ಲಿ ಬಂದವು.

1968ರ ಮಾರ್ಚ್‌ನಲ್ಲಿ ಪ್ರಕಟವಾದ ಅವರ ಒಂದು ಪುಟ್ಟ ಪತ್ರ ಇನ್ನಷ್ಟು ಸಂಚಲನ ಉಂಟುಮಾಡಿತು. ಕ್ರಮವಿಧಿಯ ಒಂದೆಡೆಯಿಂದ ಮತ್ತೊಂದೆಡೆಗೆ ಜಿಗಿಯಲು ಬಳಸುತ್ತಿದ್ದ ಗೋಟು ಎಂಬ ಆದೇಶವನ್ನು ಅದು ಪ್ರಶ್ನಿಸಿತು. ಹಾಳೆಯ ಮೇಲಿನ ಬರಹವನ್ನು ಓದಿದವನಿಗೆ ಯಂತ್ರದಲ್ಲಿ ನಡೆಯುವುದು ಊಹೆಗೆ ಸಿಗಬೇಕು. ಎಲ್ಲೆಂದರಲ್ಲಿ ಜಿಗಿದರೆ ಆ ಸಂಬಂಧ ಕಡಿದುಹೋಗುತ್ತದೆ ಎಂಬುದು ಅವರ ವಾದ. ಪತ್ರಕ್ಕೆ ಅವರು ಕೊಟ್ಟಿದ್ದ ಹೆಸರು ಸೌಮ್ಯವಾಗಿತ್ತು. ಗೋಟು ಆದೇಶ ಹಾನಿಕರ ಎಂಬರ್ಥದ ಖಾರವಾದ ಶೀರ್ಷಿಕೆಯನ್ನು ಕೊಟ್ಟವರು ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್. ಬಹಳ ಜನ ಶೀರ್ಷಿಕೆಯನ್ನಷ್ಟೇ ಓದಿ ಪರ-ವಿರೋಧ ಚರ್ಚೆಗಿಳಿದರೆಂದರೆ ತಪ್ಪಾಗಲಾರದು.

1972ರಲ್ಲಿ ಡೈಕ್‌ಸ್ಟ್ರಾ ಅವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಲಭಿಸಿತು. ಪ್ರಶಸ್ತಿ ಸ್ವೀಕಾರದ ಉಪನ್ಯಾಸದಲ್ಲಿ ಅವರು ಮನುಷ್ಯನ ಬುದ್ಧಿಗೆ ಮಿತಿಯಿದೆ ಎಂಬುದನ್ನು ಒಪ್ಪಿಕೊಂಡು ಕೆಲಸ ಮಾಡುವ ವಿನಯವೇ ಕ್ರಮವಿಧಿಕಾರನಿಗೆ ಅಗತ್ಯವೆಂದು ಪ್ರತಿಪಾದಿಸಿದರು. ಸ್ವತಃ ಅವರ ಟೀಕೆಗಳಿಗೆ ಗುರಿಯಾದವರು ಈ ವಿನಯದ ಮಾತನ್ನು ಕೇಳಿ ನಕ್ಕಿರಲೂಬಹುದು; ಇತರರ ಕೆಲಸವನ್ನು ವಿಮರ್ಶಿಸುವಾಗ ಅವರು ದಾಕ್ಷಿಣ್ಯ ತೋರಿದವರಲ್ಲ.

ಮರುವರ್ಷ ಅವರು ಅಮೆರಿಕದ ಬರೋಸ್ ಕಂಪನಿಯ ಸಂಶೋಧನಾ ಫೆಲೋ ಆದರು. ಐಂಡ್‌ಹೋವನ್ ಸಮೀಪದ ನ್ಯೂನೆನ್ ಗ್ರಾಮದ ತಮ್ಮ ಮನೆಯ ಮಹಡಿಯ ಪುಟ್ಟ ಕೊಠಡಿಯೇ ಅವರ ಸಂಶೋಧನಾಲಯವಾಯಿತು. ವಾರಕ್ಕೊಂದು ದಿನ ವಿದ್ಯಾಲಯಕ್ಕೆ ಹೋಗಿ, ಮಂಗಳವಾರ ಮಧ್ಯಾಹ್ನ ಕೆಲವೇ ಸಹೋದ್ಯೋಗಿಗಳೊಂದಿಗೆ ಕುಳಿತು ಹೊಸ ಲೇಖನಗಳನ್ನು ಸಾಲುಸಾಲಾಗಿ ಓದಿ ಚರ್ಚಿಸುತ್ತಿದ್ದರು. ಈ ಅವಧಿಯ 1974ರ ಎರಡು ಪುಟಗಳ ಲೇಖನವೊಂದು ವಿಶೇಷವಾದುದು. ಹಲವು ಯಂತ್ರಗಳ ಜಾಲವೊಂದು ಯಾವುದೋ ಕಾರಣದಿಂದ ಅಸ್ತವ್ಯಸ್ತವಾದರೆ, ಮೇಲ್ವಿಚಾರಕರಿಲ್ಲದೆ, ಪ್ರತಿ ಯಂತ್ರವೂ ತನ್ನ ನೆರೆಯವರನ್ನಷ್ಟೇ ನೋಡುತ್ತ, ಜಾಲವು ತಾನಾಗಿ ಸರಿಸ್ಥಿತಿಗೆ ಮರಳಬಲ್ಲುದೆಂದು ಅದರಲ್ಲಿ ತೋರಿಸಲಾಗಿದೆ. ಸುಮಾರು ಹತ್ತು ವರ್ಷ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಲೆಸ್ಲಿ ಲ್ಯಾಂಪೋರ್ಟ್ ಅವರು 1983ರ ಉಪನ್ಯಾಸವೊಂದರಲ್ಲಿ ಅದರ ಮಹತ್ವವನ್ನು ಎತ್ತಿ ತೋರಿದ ನಂತರ ಅದೊಂದು ಪ್ರತ್ಯೇಕ ಅಧ್ಯಯನ ಶಾಖೆಯಾಗಿ ಬೆಳೆಯಿತು. ಕ್ರಮವಿಧಿಯನ್ನೂ ಅದರ ನಿಖರತೆಯ ಸಾಧನೆಯನ್ನೂ ಕೈಕೈ ಹಿಡಿದು ಬೆಳೆಸುವ ಕ್ರಮವನ್ನು ವಿವರಿಸುವ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು.

ಅವರ ಬರಹಗಳು ಹರಡುತ್ತಿದ್ದ ರೀತಿಯೂ ವಿಶಿಷ್ಟವಾದುದು. ಶಾಯಿ ಪೆನ್ನಿನಿಂದ, ಚಿತ್ತುಕಾಟಿಲ್ಲದ ಸುಂದರ ಅಕ್ಷರಗಳಲ್ಲಿ ಬರೆದ ಟಿಪ್ಪಣಿಗಳಿಗೆ ತಮ್ಮ ಹೆಸರಿನ ಮೊದಲಕ್ಷರಗಳಾದ ಇ.ಡಬ್ಲ್ಯು.ಡಿ. ಎಂಬ ಗುರುತಿನೊಡನೆ ಕ್ರಮಸಂಖ್ಯೆ ನೀಡಿ, ನೆರಳಚ್ಚು ಪ್ರತಿಗಳನ್ನು ಕೆಲವು ಮಿತ್ರರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅವರು ಮತ್ತೆ ಪ್ರತಿ ಮಾಡಿ ಇತರರಿಗೆ ಹಂಚುತ್ತಿದ್ದರು. ಹೀಗೆ 1,300ಕ್ಕೂ ಹೆಚ್ಚು ಟಿಪ್ಪಣಿಗಳು ಜಗತ್ತಿನ ವಿಶ್ವವಿದ್ಯಾಲಯಗಳನ್ನು ತಲುಪಿದವು. ಗಣಕ ವಿಜ್ಞಾನದ ಪ್ರಾಧ್ಯಾಪಕರು ಗಣಕಯಂತ್ರವನ್ನು ಬಹುಕಾಲ ತಮ್ಮ ಬಳಿ ಇರಿಸಿಕೊಂಡಿರಲಿಲ್ಲವೆಂಬುದು ಇಂದು ಸೋಜಿಗವೆನಿಸೀತು.

1984ರಲ್ಲಿ ಅವರು ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ತೆರಳಿದರು. ಅವರ ತರಗತಿಯಲ್ಲಿ ಪಠ್ಯಪುಸ್ತಕವಿರಲಿಲ್ಲ, ಪ್ರೊಜೆಕ್ಟರ್ ಇರಲಿಲ್ಲ. ಕರಿಹಲಗೆ ಮತ್ತು ಸೀಮೆಸುಣ್ಣವಷ್ಟೇ. ಒಂದು ಸಮಸ್ಯೆಯನ್ನು ಮುಂದಿಟ್ಟು, ವಿದ್ಯಾರ್ಥಿಗಳ ಸಲಹೆಗಳನ್ನು ಕೇಳುತ್ತ, ನಡುನಡುವೆ ದೀರ್ಘಕಾಲ ಮೌನವಾಗಿ ಯೋಚಿಸುತ್ತ, ಪರಿಹಾರವನ್ನು ಅಲ್ಲಿಯೇ ಕಟ್ಟುತ್ತಿದ್ದರು. ಪರೀಕ್ಷೆ ಮೌಖಿಕವಾಗಿ ನಡೆಯುತ್ತಿತ್ತು. ಒಬ್ಬೊಬ್ಬ ವಿದ್ಯಾರ್ಥಿಯನ್ನೂ ತಮ್ಮ ಕೊಠಡಿಗೆ ಅಥವಾ ಮನೆಗೆ ಕರೆದು ಗಂಟೆಗಟ್ಟಲೆ ಮಾತನಾಡಿಸುತ್ತಿದ್ದರು. ಇದಕ್ಕೆ ಇಡೀ ವಾರ ಹಿಡಿಯುತ್ತಿತ್ತು. ಉತ್ತರ ಬಂದರೆ ಸಾಲದು, ಉತ್ತರಕ್ಕೆ ಬಂದ ದಾರಿಯನ್ನು ಸ್ವಚ್ಛವಾದ ಭಾಷೆಯಲ್ಲಿ ವಿವರಿಸಬೇಕಿತ್ತು. ಡಾಕ್ಟರೇಟ್‌ಗೆ ಅವರು ಮಾರ್ಗದರ್ಶನ ನೀಡಿದ್ದು ಕೆಲವೇ ಜನರಿಗೆ. ಐಂಡ್‌ಹೋವನ್‌ನಲ್ಲಿ ಅವರ ಶಿಷ್ಯರಾಗಿದ್ದ ನಿಕೊ ಹಾಬರ್‌ಮನ್ ಮುಂದೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ಶಾಲೆಯ ಮೊದಲ ಡೀನ್ ಆದರು.

ಬೋಧನೆಯ ವಿಷಯದಲ್ಲಿಯೇ ಅವರು ತಮ್ಮ ಕಾಲದವರೊಂದಿಗೆ ತೀವ್ರವಾಗಿ ಭಿನ್ನಮತ ತಳೆದರು. ಗಣಕಯಂತ್ರದಂತಹ ವಸ್ತು ಹಿಂದೆಂದೂ ಇರಲಿಲ್ಲವಾದ್ದರಿಂದ ಹಳೆಯ ಹೋಲಿಕೆಗಳಿಂದ ಅದನ್ನು ಕಲಿಸುವುದು ವಂಚನೆಯೆಂದು 1988ರ ಟಿಪ್ಪಣಿಯೊಂದರಲ್ಲಿ ಅವರು ವಾದಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳು ಕ್ರಮವಿಧಿಯನ್ನು ಯಂತ್ರದಲ್ಲಿ ಓಡಿಸುವ ಅವಕಾಶವೇ ಇರಬಾರದು. ಬರೆದದ್ದು ಸರಿಯೆಂದು ಕಾಗದದ ಮೇಲೆ ತರ್ಕದಿಂದ ಸಾಧಿಸಲು ಕಲಿಯಬೇಕು ಎಂಬುದು ಅವರ ಸೂಚನೆ. ತಪ್ಪನ್ನು ಕೀಟವೆಂಬ ಅರ್ಥದ ಪದದಿಂದ ಕರೆಯುವುದನ್ನೂ ಅವರು ಒಪ್ಪುತ್ತಿರಲಿಲ್ಲ. ಹಾಗೆ ಕರೆದರೆ ಅದು ತಾನಾಗಿ ಒಳಗೆ ಹರಿದು ಬಂದಂತಾಗುತ್ತದೆ, ತಪ್ಪು ಮಾಡಿದವನ ಹೊಣೆ ಮರೆಯಾಗುತ್ತದೆ. 1989ರಲ್ಲಿ ಅಮೆರಿಕದ ಗಣಕ ವಿಜ್ಞಾನ ಸಂಘದ ಪತ್ರಿಕೆ ಈ ಬರಹವನ್ನು ರಿಚರ್ಡ್ ಹ್ಯಾಮಿಂಗ್, ರಿಚರ್ಡ್ ಕಾರ್ಪ್, ಡೇವಿಡ್ ಪಾರ್ನಸ್, ಟೆರಿ ವಿನೊಗ್ರಾಡ್ ಮೊದಲಾದವರ ಪ್ರತಿಕ್ರಿಯೆಗಳೊಡನೆ ಪ್ರಕಟಿಸಿತು. ಹಲವರು ಅವರ ಕಾಳಜಿಯನ್ನು ಗೌರವಿಸಿದರೂ ಸೂಚನೆಯನ್ನು ಪೂರ್ಣವಾಗಿ ಒಪ್ಪಲಿಲ್ಲ. ದೊಡ್ಡ ತಂತ್ರಾಂಶಗಳಿಗೆ ಬೇಕಾದುದೇನೆಂದು ಬಳಕೆದಾರರಿಗೇ ಮೊದಲು ತಿಳಿದಿರುವುದಿಲ್ಲ, ಯಂತ್ರದೊಡನೆ ಒಡನಾಡಿಯೇ ಕಲಿಯಬೇಕಾದ ಸಂಗತಿಗಳಿವೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ವಿಶ್ವವಿದ್ಯಾಲಯಗಳು ಸಾಗಿದ್ದು ಬಹುಮಟ್ಟಿಗೆ ಆ ದಾರಿಯಲ್ಲಿಯೇ.

ಬಿಡುವಿನಲ್ಲಿ ಪತ್ನಿಯೊಡನೆ ವಾಸದ ವಾಹನವೊಂದರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವುದು ಅವರಿಗೆ ಪ್ರಿಯವಾಗಿತ್ತು. ಆ ವಾಹನಕ್ಕೆ ಟೂರಿಂಗ್ ಮೆಷಿನ್ ಎಂದು ಹೆಸರಿಟ್ಟಿದ್ದರು. ಗಣಕ ವಿಜ್ಞಾನದ ಮೂಲಪುರುಷ ಅಲನ್ ಟ್ಯೂರಿಂಗ್ ಅವರ ಟ್ಯೂರಿಂಗ್ ಯಂತ್ರವನ್ನು ಬಲ್ಲವರಿಗೆ ಇದರ ವಿನೋದ ತಿಳಿಯುತ್ತದೆ. ಪಿಯಾನೊ ನುಡಿಸುತ್ತಿದ್ದರು. ಮೊಜಾರ್ಟ್ ಅವರ ಮೆಚ್ಚಿನ ಸಂಗೀತಗಾರ.

1999ರಲ್ಲಿ ಸೇವೆಯಿಂದ ನಿವೃತ್ತರಾದ ಮೇಲೂ ಅವರು ಬೋಧನೆಯ ಚಿಂತೆಯನ್ನು ಬಿಡಲಿಲ್ಲ. ಪ್ರಥಮ ವರ್ಷದ ತರಗತಿಗಳಲ್ಲಿ ಹ್ಯಾಸ್ಕೆಲ್ ಭಾಷೆಯ ಬದಲು ಜಾವಾ ಭಾಷೆಯನ್ನು ತರುವ ಪ್ರಸ್ತಾವ ಬಂದಾಗ, 2001ರಲ್ಲಿ ಅದನ್ನು ವಿರೋಧಿಸಿ ವಿಶ್ವವಿದ್ಯಾಲಯದ ಸಮಿತಿಗೆ ಪತ್ರ ಬರೆದರು. ಮೊದಲು ಕಲಿಯುವ ಭಾಷೆಯು ವಿದ್ಯಾರ್ಥಿಯ ಆಲೋಚನೆಯ ಅಭ್ಯಾಸವನ್ನೇ ರೂಪಿಸುತ್ತದೆ, ಆದ್ದರಿಂದ ಉದ್ಯಮದ ಜನಪ್ರಿಯತೆಯನ್ನು ನೋಡಿ ಆಯ್ಕೆ ಮಾಡಬಾರದೆಂಬುದು ಅವರ ಕಾರಣ.

ಕ್ಯಾನ್ಸರ್ ರೋಗಕ್ಕೆ ತುತ್ತಾದ ಅವರು 2002ರ ಆರಂಭದಲ್ಲಿ ಪತ್ನಿಯೊಡನೆ ನ್ಯೂನೆನ್ ಗ್ರಾಮಕ್ಕೆ ಮರಳಿದರು. ಕೊನೆಯ ಟಿಪ್ಪಣಿಯಾದ 1318ನೆಯದರ ದಿನಾಂಕ 2002ರ ಏಪ್ರಿಲ್ 14. ಆ ಬೇಸಿಗೆಯಲ್ಲಿ, ಏಕಕಾಲಿಕ ಹಾಗೂ ವಿತರಿತ ಗಣನೆಯ ವಿದ್ವಾಂಸರ ಸಮ್ಮೇಳನವು ಅತಿ ಪ್ರಭಾವಶಾಲಿ ಲೇಖನಕ್ಕೆ ನೀಡುವ ಪ್ರಶಸ್ತಿಯನ್ನು ಅವರ 1974ರ ಎರಡು ಪುಟಗಳ ಲೇಖನಕ್ಕೆ ನೀಡಿ ಗೌರವಿಸಿತು. 2002ರ ಆಗಸ್ಟ್ 6ರಂದು ಡೈಕ್‌ಸ್ಟ್ರಾ ಅವರು ನ್ಯೂನೆನ್‌ನಲ್ಲಿ ನಿಧನರಾದರು. 2003ರಿಂದ ಆ ಪ್ರಶಸ್ತಿಯನ್ನು ಅವರ ಹೆಸರಿನಲ್ಲಿಯೇ ನೀಡಲಾಗುತ್ತಿದೆ. ಅವರ ಕೈಬರಹದ ಟಿಪ್ಪಣಿಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯವು ಅಂತರಜಾಲದಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಿದೆ.